ಮೂರೇ ದಿನ ತಾನೇ

'ಮೂರೇ ದಿನ ತಾನೇ, ಹೋಗಿ ಬಾ' ಅಂದವನು ನಾನೇ.
ಬಾಗೇಪಲ್ಲಿಯಲ್ಲಿ ಅವಳ ತಂಗಿಯ ಮೊಮ್ಮಗುವಿಗೆ ನಾಮಕರಣ,
ಮಗಳು ಕೋಲಾರದಲ್ಲಿ ಎಸ್ಸೆಸ್ಸೆಲ್ಸಿ ಪೇಪರು ತಿದ್ದುತ್ತಾ ಕೂತಿದ್ದಾಳೆ.
ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ತಕ್ಕಡಿ ಹಿಡಿದವನು ನಾನು.
ಹರಾಜಿನ ಗಲಾಟೆಯಲ್ಲೂ
ನೂರು ಗ್ರಾಂ ಆಚೀಚೆ ಆಗಲು ಬಿಟ್ಟವನಲ್ಲ.
ಇವೆರಡನ್ನೂ ಸೇರಿಸಿ ತೂಗಿದರೆ ನಲವತ್ತು ಕೇಜಿ ಇಲ್ಲ,
ಇನ್ನೇನು ಮಹಾ?

ಅಶ್ವತ್ಥಮ್ಮ ಬಸ್ಸಿನ ಕಿಟಕಿಯಿಂದ ಹೇಳಿದ್ದು ಹದಿನಾಲ್ಕು ಮಾತು.
ತಲೆಯಲ್ಲಿ ಉಳಿದದ್ದು ಒಂದು:
'ನಾಳೆ ನೀರು ಬಿಡ್ತಾರೆ, ಸಂಪಿನ ಮುಚ್ಚಳ ಹುಷಾರು.'
ಸಂಪಿನ ಮೇಲೆ ಕುರ್ಚಿ ಹಾಕಿಕೊಂಡು ನಾನೇ ಕೂತೆ.
ಉಳಿದ ಮನೆ ಪೂರ್ತಿ ಅವರ ಕೈಗೆ ಸಿಕ್ಕಿತು.

ಮೊದಲ ಮಧ್ಯಾಹ್ನ ಮುದ್ದೆ ತಿರುವಿದೆ.
ಗಂಟಿಲ್ಲದ ಮುದ್ದೆ, ನನ್ನ ಮಟ್ಟಿಗೆ ಅದೊಂದು ಚರಿತ್ರೆ.
'ತಾತ, ಇದು ಕ್ಲೇನಾ?' ಅಂದಳು ಇಂಚರ.
ಹ್ಞೂಂ ಉಹ್ಞೂಂ ಅನ್ನುವಷ್ಟರಲ್ಲಿ ಅದು ಆನೆ,
ಆನೆಗೊಂದು ಮರಿ, ಮರಿಗೆ ಸೊಂಡಿಲು ಎರಡು.
ಬಸ್ಸಾರು ಆನೆಯ ಸ್ನಾನಕ್ಕೆ ಹೋಯಿತು.
ರಾತ್ರಿ ಕರೆಂಟು ಹೋದಾಗ ಯಾವ ಪ್ರಾಣಿಯನ್ನು ತುಳಿದು ಜಾರಿದೆನೋ,
ಬೆಳಿಗ್ಗೆ ನನ್ನ ಹಿಮ್ಮಡಿಗೆ ಅಂಟಿದ್ದ ಕಿವಿ ನೋಡಿ ಅತ್ತಳು.
ನನ್ನ ಸೊಂಟಕ್ಕೆ ಅಳುವವರು ಯಾರೂ ಇರಲಿಲ್ಲ.

ಎರಡನೆಯ ದಿನ ಲೋಹಿತ ಬಚ್ಚಲಿಗೆ ಹೋಗಿ
ಚಿಲಕ ಹಾಕಿಕೊಂಡ.
'ಮೇಲಕ್ಕೆತ್ತಿ ಎಡಕ್ಕೆ ಎಳಿ.'
'ಯಾವ ಎಡ ತಾತ?'
ಬಾಗಿಲ ಈಚೆ ನಿಂತವನ ಎಡ ಆಚೆಯವನಿಗೆ ಏನಾಗುತ್ತದೆ,
ಅರವತ್ತಾರು ವರ್ಷ ನಾನದನ್ನು ಯೋಚಿಸಿರಲಿಲ್ಲ.
ಬೀದಿ ಸೇರಿತು.
ಎದುರು ಮನೆಯ ಜಬೀನಾ ಕೆಳಗಿನ ಸಂದಿಯಲ್ಲಿ ಬಿಸ್ಕತ್ತು ತೂರಿಸಿದಳು,
ಒಳಗಿಂದ ಅದು ಸರ್ರನೆ ಹೋಯಿತು.
ಆಮೇಲೆ ಸದ್ದಿಲ್ಲ.
ಬಡಗಿ ಬಾಬಾಜಾನ್ ಓಡಿ ಬಂದು ಉಳಿ ಹಾಕಿ
ಕೀಲು ಸಮೇತ ಬಾಗಿಲು ಕಿತ್ತ.
ಒಳಗೆ ಒಂದು ಬಕೀಟು. ಸೋಪು. ಯಾರೂ ಇಲ್ಲ.
'ಏನ್ ನೋಡ್ತಿದೀರ ಎಲ್ರೂ?'
ಹಿಂದೆ, ಗುಂಪಿನ ಕಾಲುಗಳ ನಡುವೆ, ಬಿಸ್ಕತ್ತು ಕಡಿಯುತ್ತಾ ಅವನೇ.
ಬಚ್ಚಲಿಗೆ ಹಿತ್ತಲ ಕಡೆಗೂ ಒಂದು ಬಾಗಿಲಿದೆ.
ಇಪ್ಪತ್ತು ವರ್ಷದಿಂದ ಇದೆ.
ನಾನೇ ನಿಂತು ಹಾಕಿಸಿದ್ದು.

ಇನ್ನು ಕನ್ನಡಕದ ವಿಚಾರ.
ಕನ್ನಡಕ ಅಕ್ಕಿ ಡಬ್ಬದಲ್ಲಿತ್ತು. ಅದರ ಡಬ್ಬಿ ಮಾತ್ರ ಮುಟ್ಟಕೂಡದು,
'ಒಳಗೆ ಇಬ್ರು ಮಲಗವ್ರೆ.'
ನಾರೆಪ್ಪನ ಹುಳದ ಮನೆಯಿಂದ ಕೈಗೆ ಇಸಿದುಕೊಂಡ ಎರಡು ಹಣ್ಣಾದ ಹುಳ,
ಚಂದ್ರಿಕೆ ಸಿಗದೆ ನನ್ನ ಡಬ್ಬಿಯಲ್ಲೇ
ಎರಡೂ ಸೇರಿ ಒಂದೇ ಗೂಡು ಕಟ್ಟುತ್ತಿದ್ದವು.
ಜೋಡಿ ಗೂಡು. ನೂಲು ಸಿಕ್ಕಾಗುತ್ತದೆಂದು
ನಾವು ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದ ಮಾಲು.
ಮುಚ್ಚಳ ಹಾಕದೆ ಹಾಗೇ ಬಿಟ್ಟೆ.
ಜಾಗವಿಲ್ಲದೆ ಕನ್ನಡಕ ಕುರ್ಚಿಯ ಮೇಲಿಟ್ಟೆ,
ಕುರ್ಚಿಯ ಮೇಲೆ ಇಂಚರ ಕೂತಳು.
ಒಂದು ಗಾಜು ಉಳಿಯಿತು.

ಆ ಒಂದು ಗಾಜಿನಲ್ಲಿ ಅಶ್ವತ್ಥಮ್ಮ ಬರುವುದು ಕಂಡಿತು.
ಚಪ್ಪಲಿ ಬಿಡಲಿಲ್ಲ, ಒಂದು ಸುತ್ತು ನೋಡಿದಳು.
'ಬಚ್ಚಲ ಬಾಗಿಲೆಲ್ಲಿ?'
ಮೂವರೂ ನೆಲ ನೋಡಿದೆವು.
'ಸಂಪಿಗೆ ಏನೂ ಆಗಿಲ್ಲ' ಅಂದೆ.

ಮಗಳು ಬಂದು ಕರೆದುಕೊಂಡು ಹೋದಳು.
ಬಚ್ಚಲಿಗೆ ಈಗಲೂ ಹಳೆ ಸೀರೆಯೇ ಬಾಗಿಲು,
ಒಳಗಿರುವವರು ಕೆಮ್ಮುತ್ತಾ ಇರಬೇಕು.
ಮೊನ್ನೆ ಗೂಡು ತೂತಾಗಿ ಎರಡು ಚಿಟ್ಟೆ ಹೊರಬಿದ್ದವು,
ಹಾರಲಾರದೆ ಪಕ್ಕದ ಕರೆಂಟು ಬಿಲ್ಲಿನ ಮೇಲೆ ತೆವಳಿ
ಗಸಗಸೆಯಷ್ಟು ಗಸಗಸೆಯಷ್ಟು ಮೊಟ್ಟೆ, ಮೊತ್ತದ ಅಂಕಿ ಮುಚ್ಚುವಷ್ಟು.
ಫೋನಿನಲ್ಲಿ ಲೋಹಿತನ ಅಪ್ಪಣೆ: 'ಬಿಲ್ ಕಟ್ಟಬೇಡಿ ತಾತ.'
ಕಟ್ಟಿಲ್ಲ.
ಫ್ಯೂಸು ಕೀಳಲು ಬಂದ ಲೈನ್‌ಮನ್‌ಗೆ ಬಿಲ್ಲು ತೋರಿಸಿದೆ.
ಅವನೂ ಈ ಊರಿನವನೇ.
ಬಗ್ಗಿ, ಉಸಿರು ಬಿಗಿಹಿಡಿದು ನೋಡಿ,
'ಮರಿ ಆದ್ಮೇಲೆ ಬರ್ತೀನಿ ಬಿಡಿ ಸಾರ್' ಅಂದ.